ಹೊಸ ಎಂಜಿನ್ನಿನ ಮೊದಲ ಎಣ್ಣೆ

ಪಶ್ಚಿಮದಲ್ಲಿ ಮಲೆನಾಡಿನ ಅಂಚನ್ನೂ ಪೂರ್ವದಲ್ಲಿ ಎರೆಭೂಮಿಯ ಬಯಲನ್ನೂ ಮುಟ್ಟಿಕೊಂಡು, ವರದಾ, ಕುಮುದ್ವತಿ, ತುಂಗಭದ್ರಾ ನದಿಗಳ ಆಶ್ರಯದಲ್ಲಿ ಹರಡಿರುವ ಹಾವೇರಿ ಜಿಲ್ಲೆಯಲ್ಲಿ, ಹಿಂದಿನ ತಲೆಮಾರು ಎತ್ತಿನ ಹೆಗಲಿಗೂ ಮನುಷ್ಯನ ರಟ್ಟೆಗೂ ಒಪ್ಪಿಸಿದ್ದ ಎಷ್ಟೋ ಕೆಲಸಗಳು ಇಂದು ಒಬ್ಬ ಆಳು ಎತ್ತಿಕೊಂಡು ಹೋಗಬಹುದಾದ ಪುಟ್ಟ ಎಂಜಿನ್ನುಗಳ ಪಾಲಿಗೆ ಬಂದಿವೆ. ಗೋವಿನಜೋಳದ ಮತ್ತು ಹತ್ತಿಯ ಸಾಲುಗಳ ನಡುವೆ ಎಡೆ ಹೊಡೆಯುವ ಕಳೆಯಂತ್ರ, ಮೆಣಸಿನ ಗಿಡಕ್ಕೆ ಔಷಧಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಪಂಪು, ಹಳ್ಳದ ನೀರನ್ನು ದಡಕ್ಕೆತ್ತುವ ಸಣ್ಣ ಪಂಪ್‌ಸೆಟ್ಟು, ಬದುವಿನ ಹುಲ್ಲನ್ನು ಸವರುವ ಯಂತ್ರ, ಇವೆಲ್ಲವುಗಳ ಒಡಲಲ್ಲಿಯೂ ಒಂದು ಸಿಲಿಂಡರು, ಅದರೊಳಗೆ ನಿಮಿಷಕ್ಕೆ ಸಾವಿರಾರು ಸಲ ಏರಿಳಿಯುವ ಒಂದು ಪಿಸ್ಟನ್ನು, ಅವೆರಡರ ನಡುವೆ ಎಣ್ಣೆಯ ಒಂದು ತೆಳುವಾದ ಪೊರೆ ಇರುತ್ತದೆ. ಸಾಲ ಮಾಡಿಯೋ ಸಹಾಯಧನ ಪಡೆದೋ ಇಂಥದೊಂದು ಯಂತ್ರವನ್ನು ರಾಣೆಬೆನ್ನೂರಿನ ಪೇಟೆಯಿಂದ ಮನೆಗೆ ತರುವ ರೈತನು ಅಂಗಡಿಯ ಮೆಟ್ಟಿಲಿಳಿಯುವ ಮೊದಲು ಎದುರಿಸುವ ಕೊನೆಯ ಪ್ರಶ್ನೆ, “ಸಾದಾ ಆಯಿಲ್ ಕೊಡ್ಲೇನ್ರಿ, ಸಿಂಥೆಟಿಕ್ ಕೊಡ್ಲೇನ್ರಿ?” ಎಂಬುದು. “ಯಾವ್ದು ಛಲೋ ಐತಿ ಅದನ್ನ ಕೊಡ್ರಿ” ಎಂಬ ಉತ್ತರವೂ ಸಹಜವಾದದ್ದೇ. ಆದರೆ ಎಣ್ಣೆಯ ಒಳ್ಳೆಯತನವೆಂಬುದು ಡಬ್ಬಿಯೊಳಗೆ ಸ್ವತಂತ್ರವಾಗಿ ನೆಲೆಸಿರತಕ್ಕ ಗುಣವಲ್ಲವಾದುದರಿಂದ, ಅದು ಯಾವ ಎಂಜಿನ್ನಿನಲ್ಲಿ, ಯಾವ ಹವೆಯಲ್ಲಿ, ಎಂಥ ದುಡಿಮೆಯಲ್ಲಿ, ಆ ಎಂಜಿನ್ನಿನ ಆಯುಷ್ಯದ ಯಾವ ಘಟ್ಟದಲ್ಲಿ ಬಳಕೆಗೆ ಬರುವುದೆಂದು ವಿಚಾರಿಸದೆ ಆ ಪ್ರಶ್ನೆಗೆ ಸಮಾಧಾನ ಹೇಳುವುದು ಶಕ್ಯವಿಲ್ಲ.

ಒಂದಕ್ಕೊಂದು ಉಜ್ಜುವ ಭಾಗಗಳ ನಡುವೆ ಎಣ್ಣೆ ಮಾಡುವ ಕಾರ್ಯವನ್ನು ನಮ್ಮ ಜನರು ಎಂಜಿನ್ನು ಹುಟ್ಟುವುದಕ್ಕೆ ಬಹು ಮೊದಲೇ ಬಲ್ಲವರಾಗಿದ್ದರು. ಹುಲ್ಲು ಸುಟ್ಟ ಕರಿಯನ್ನು ಔಡಲ ಎಣ್ಣೆಯಲ್ಲಿ ಕಲಸಿ ಚಕ್ಕಡಿಯ ಅಚ್ಚಿಗೆ ಬಳಿಯುತ್ತಿದ್ದ ಕೀಲೆಣ್ಣೆಯು, ರಸಾಯನಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸಿದರೂ, ಅತ್ಯಂತ ವಿವೇಕದ ಆಯ್ಕೆಯೆಂದೇ ಒಪ್ಪಬೇಕಾಗುತ್ತದೆ. ಔಡಲ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ರಿಸಿನೋಲಿಯಿಕ್ ಆಮ್ಲವೇ ಆಗಿದ್ದು, ಅದರ ಅಣುವಿನ ನೀಳವಾದ ಸರಪಳಿಯಲ್ಲಿ ನಮ್ಮ ಅಡಿಗೆಯ ಎಣ್ಣೆಗಳಲ್ಲಿ ಕಾಣಸಿಗದ ಒಂದು ಆಮ್ಲಜನಕ-ಜಲಜನಕಗಳ ಜೋಡಿ ಅಧಿಕವಾಗಿ ಸೇರಿಕೊಂಡಿರುತ್ತದೆ. ಆ ಜೋಡಿಯ ದೆಸೆಯಿಂದ ಔಡಲ ಎಣ್ಣೆ ಇತರ ಎಣ್ಣೆಗಳಿಗಿಂತ ಬಹಳ ಮಂದವಾಗಿರುವುದಲ್ಲದೆ ಲೋಹದ ಮೈಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಸಂಸ್ಥೆಯವರು ಈ ಎಣ್ಣೆಯನ್ನು ಬೆರೆಸಿ ಎಂಜಿನ್ನುಗಳಿಗಾಗಿ ಸಿದ್ಧಪಡಿಸಿದ ತೈಲಕ್ಕೆ ಕ್ಯಾಸ್ಟ್ರಾಲ್ ಎಂಬ ಹೆಸರನ್ನಿಟ್ಟರು. ಒಂದನೆಯ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಶುದ್ಧ ಔಡಲ ಎಣ್ಣೆಯನ್ನೇ ಕುಡಿದು ಹಾರಿದವು. ಅದರ ದೋಷವೂ ಅಷ್ಟೇ ಪ್ರಸಿದ್ಧವಾದದ್ದು: ಬಿಸಿಯಾದ ಲೋಹದ ಮೇಲೆ ಗಾಳಿ ತಾಗಿದೊಡನೆ ಅದು ಅಂಟಾಗಿ ಗಟ್ಟಿಗೊಳ್ಳುತ್ತದೆ. ಚಕ್ಕಡಿಯ ಅಚ್ಚು ಅಂಥ ಕಾವನ್ನು ಎಂದೂ ಕಾಣದಾದ್ದರಿಂದ ಅಲ್ಲಿ ಆ ದೋಷ ಬಾಧಿಸಲಿಲ್ಲ.

ಉರುಳುವ ಅಚ್ಚಿಗೂ ಅದನ್ನು ಹೊತ್ತಿರುವ ಲೋಹಕ್ಕೂ ನಡುವೆ ಎಣ್ಣೆ ಏನು ಮಾಡುತ್ತದೆಂಬುದು ನಿಶ್ಚಯವಾಗಿ ತಿಳಿದದ್ದು 1883ರಲ್ಲಿ. ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಪರವಾಗಿ ಬೋಚಾಂಪ್ ಟವರ್ ಎಂಬಾತನು ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದಾಗ, ಎಣ್ಣೆ ಬಿಡುವ ಉದ್ದೇಶದಿಂದ ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಯಂತ್ರವನ್ನು ತಿರುಗಿಸಿದೊಡನೆ, ಒಳಗೆ ಇಳಿಯಬೇಕಾಗಿದ್ದ ಎಣ್ಣೆ ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿ ಮುಚ್ಚಿದರೆ ಬಿರಡೆಯೇ ಹೊರಕ್ಕೆ ಬಂತು. ಮರದ ಬೆಣೆಯನ್ನು ಬಡಿದರೆ ಅದೂ ನಿಲ್ಲಲಿಲ್ಲ. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ, ಬೇರಿಂಗಿನ ಮೇಲೆ ಹೇರಿದ್ದ ಭಾರ ಸರಾಸರಿ ಚದರ ಅಂಗುಲಕ್ಕೆ 100 ಪೌಂಡು ಮಾತ್ರವಿದ್ದರೂ, ಮುಳ್ಳು 200 ಪೌಂಡನ್ನೂ ದಾಟಿಹೋಯಿತು. ಎಂದರೆ, ತಿರುಗುವ ಅಚ್ಚು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಕಿರಿದಾದ ಸಂದಿಯೊಳಕ್ಕೆ ತಾನೇ ಎಳೆದುಕೊಂಡು, ಆ ಎಣ್ಣೆಯ ಒತ್ತಡದ ಮೇಲೆ ಇಡೀ ಭಾರವನ್ನು ತೇಲಿಸಿಬಿಡುತ್ತಿತ್ತು. ಲೋಹಕ್ಕೆ ಲೋಹ ಮುಟ್ಟುತ್ತಲೇ ಇರಲಿಲ್ಲ. ಮೂರು ವರುಷಗಳ ತರುವಾಯ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬರೆದನು. ಪೊರೆಯು ದಪ್ಪವಾಗುವುದೋ ತೆಳುವಾಗುವುದೋ ಎಂಬುದನ್ನು ವೇಗ, ಭಾರ, ಎಣ್ಣೆಯ ಸ್ನಿಗ್ಧತೆ (ಮಂದತನ) ಎಂಬ ಮೂರು ಸಂಗತಿಗಳು ಒಟ್ಟಾಗಿ ನಿರ್ಧರಿಸುತ್ತವೆಂಬುದು ಆ ಗಣಿತದ ಸಾರ.

ಈ ವಿಷಯವನ್ನು ಪಿಸ್ಟನ್ನಿಗೆ ಅನ್ವಯಿಸಿ ನೋಡಿದರೆ ಒಂದು ತೊಡಕು ಗೋಚರಿಸುತ್ತದೆ. ಪಿಸ್ಟನ್ನು ಸಿಲಿಂಡರಿನ ನಡುಭಾಗದಲ್ಲಿ ರಭಸದಿಂದ ಧಾವಿಸುವಾಗ ಎಣ್ಣೆಯ ಮೇಲೆ ತೇಲುತ್ತದೆಯಾದರೂ, ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ದಿಕ್ಕನ್ನು ಬದಲಿಸುವ ಕ್ಷಣದಲ್ಲಿ ಅದರ ವೇಗ ಸೊನ್ನೆಯಾಗುತ್ತದೆ. ವೇಗವಿಲ್ಲದಿದ್ದಲ್ಲಿ ಪೊರೆ ನಿಲ್ಲುವುದಿಲ್ಲ. ಮೇಲ್ತುದಿಯಲ್ಲಂತೂ ಆಗತಾನೇ ಸ್ಫೋಟಿಸಿದ ಅನಿಲದ ಶಾಖ ಮತ್ತು ಒತ್ತಡಗಳೆರಡೂ ಪರಾಕಾಷ್ಠೆಯಲ್ಲಿರುತ್ತವೆ. ಆ ಕ್ಷಣದಲ್ಲಿ ಪಿಸ್ಟನ್ನನ್ನು ಸುತ್ತಿರುವ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಕಾಯುವುದು ಎಣ್ಣೆಯ ಸ್ನಿಗ್ಧತೆಯಲ್ಲ. ಲೋಹದ ಮೈಮೇಲೆ ತಾವೇ ಅಂಟಿ ನಿಂತು ಕೆಲವೇ ಅಣುಗಳಷ್ಟು ದಪ್ಪದ ರಕ್ಷಾಕವಚವನ್ನು ನಿರ್ಮಿಸುವ ಮಿಶ್ರಣದ್ರವ್ಯಗಳು. ಔಡಲ ಎಣ್ಣೆ ಚಕ್ಕಡಿಯ ಮಂದಗತಿಯಲ್ಲಿ ಮಾಡುತ್ತಿದ್ದ ಕೆಲಸ ಇದೇ. ಇಂದಿನ ಎಂಜಿನ್ ಎಣ್ಣೆಗಳಲ್ಲಿ ಅದನ್ನು ಸತು, ರಂಜಕ, ಗಂಧಕಗಳಿಂದಾದ ಒಂದು ಸಂಯುಕ್ತ ನಿರ್ವಹಿಸುತ್ತದೆ. ಓದುಗರು ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ಸಂಯುಕ್ತವನ್ನು ಸಾದಾ ಎಣ್ಣೆಗೂ ಬೆರೆಸುತ್ತಾರೆ, ಸಿಂಥೆಟಿಕ್ ಎಣ್ಣೆಗೂ ಬೆರೆಸುತ್ತಾರೆ.

ಹಾಗಾದರೆ ಭೇದವಿರುವುದು ಎಲ್ಲಿ? ಸಾದಾ ಎಣ್ಣೆ ಭೂಗರ್ಭದ ಕಚ್ಚಾ ತೈಲದಿಂದ ಬೇರ್ಪಡಿಸಿದ ಭಾರವಾದ ಭಾಗ. ಅದರಲ್ಲಿ ನೇರ ಸರಪಳಿಯವು, ಕವಲೊಡೆದವು, ಬಳೆಯಾಗಿ ಮಡಿದವು ಎಂದು ನಾನಾ ಆಕಾರದ, ನಾನಾ ಗಾತ್ರದ ಅಣುಗಳು ಬೆರೆತಿರುತ್ತವೆ. ಎಷ್ಟೇ ಶುದ್ಧೀಕರಿಸಿದರೂ ಚಳಿಗೆ ಮೇಣವಾಗಿ ಹೆಪ್ಪುಗಟ್ಟುವ ಕೆಲವು, ಕಾವಿಗೆ ಆವಿಯಾಗಿ ಹೋಗುವ ಕೆಲವು ಅದರಲ್ಲಿ ಉಳಿದೇ ತೀರುತ್ತವೆ. ಸಿಂಥೆಟಿಕ್ ಎಂಬ ಸಂಶ್ಲೇಷಿತ ತೈಲವನ್ನಾದರೋ ಎಥಿಲೀನ್ ಅನಿಲದಿಂದ ಮೊದಲುಗೊಂಡು ಹತ್ತು ಇಂಗಾಲದ ಪರಮಾಣುಗಳುಳ್ಳ ಒಂದು ದ್ರವವನ್ನು ಪಡೆದು, ಅಂಥ ಮೂರೋ ನಾಲ್ಕೋ ಅಣುಗಳನ್ನು ಬೆಸೆದು, ಬೇಕಾದ ಅಳತೆಯಲ್ಲಿಯೇ ರಚಿಸುತ್ತಾರೆ. ಇದು ಶಾಸ್ತ್ರೋಕ್ತವಾದ ಅರ್ಥ. ಪೇಟೆಯ ಅರ್ಥ ಇದಕ್ಕಿಂತ ಸಡಿಲವಾದದ್ದು. ಕಚ್ಚಾ ತೈಲವನ್ನೇ ಅಧಿಕ ಒತ್ತಡದ ಜಲಜನಕದಲ್ಲಿ ಸಂಸ್ಕರಿಸಿ ಅದರ ಅಣುಗಳನ್ನು ಬಹುಮಟ್ಟಿಗೆ ಪುನಾರಚಿಸಿದ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಕರೆಯಬಹುದೆಂಬ ತೀರ್ಮಾನ ಎರಡು ದೊಡ್ಡ ಕಂಪನಿಗಳ ವ್ಯಾಜ್ಯದ ಫಲವಾಗಿ 1999ರಲ್ಲಿ ಅಮೆರಿಕದ ಜಾಹೀರಾತು ವಿಚಾರಣಾ ಮಂಡಲಿಯಿಂದ ಹೊರಬಿದ್ದ ಮೇಲೆ, ಡಬ್ಬಿಯ ಮೇಲಿನ ಆ ಒಂದು ಶಬ್ದದಿಂದ ಒಳಗಿನ ದ್ರವದ ಹುಟ್ಟನ್ನು ತಿಳಿಯುವುದು ಸಾಧ್ಯವಿಲ್ಲದಂತಾಗಿದೆ. ಇದರಿಂದ ಕೊಳ್ಳುವವನಿಗೆ ಮೋಸವಾಯಿತೆಂದು ನಾನು ಹೇಳಲಾರೆ, ಏಕೆಂದರೆ ಅಂಥ ಎಣ್ಣೆಯೂ ಗುಣದಲ್ಲಿ ಬಹಳ ಮೇಲ್ಮಟ್ಟದ್ದೇ. ಆದರೆ ಇಮ್ಮಡಿ, ಕೆಲವೊಮ್ಮೆ ಮುಮ್ಮಡಿ ಬೆಲೆ ತೆರುವವನು ಆ ಶಬ್ದಕ್ಕಿಂತ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಹೆಚ್ಚು ಶ್ರದ್ಧೆಯಿಂದ ಓದಬೇಕು.

ಆ ಸಣ್ಣ ಅಕ್ಷರಗಳಲ್ಲಿ ಮುಖ್ಯವಾದವು 10ಡಬ್ಲ್ಯು-30, 20ಡಬ್ಲ್ಯು-40 ಎಂಬಂಥ ಸಂಖ್ಯೆಗಳು. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಆರಂಭಿಸಿದ ವರ್ಗೀಕರಣದಿಂದ ಬೆಳೆದುಬಂದ ಈ ಸಂಕೇತದಲ್ಲಿ, ಕೊನೆಯ ಸಂಖ್ಯೆ 100 ಡಿಗ್ರಿ ಕಾವಿನಲ್ಲಿ ಎಣ್ಣೆಗೆ ಉಳಿಯುವ ಸ್ನಿಗ್ಧತೆಯನ್ನೂ, ಡಬ್ಲ್ಯು ಅಕ್ಷರ ಸೇರಿದ ಮೊದಲ ಸಂಖ್ಯೆ ಹಿಮಗಾಲದ ಚಳಿಯಲ್ಲಿ ಅದರ ನಡತೆಯನ್ನೂ ಸೂಚಿಸುತ್ತವೆ. ಆ ಚಳಿ ಎಂಥದು ಎಂಬುದನ್ನು ತಿಳಿದರೆ ನಮ್ಮ ಪ್ರಶ್ನೆಯ ಅರ್ಧ ಭಾಗ ಬಗೆಹರಿದಂತೆಯೇ. 20ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯು ಎಣ್ಣೆಯನ್ನು 25 ಡಿಗ್ರಿ ಕೆಳಗೆ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ. ಸಂಶ್ಲೇಷಿತ ತೈಲದ ಅತ್ಯಂತ ಉಜ್ಜ್ವಲವಾದ ಗುಣ ಪ್ರಕಟವಾಗುವುದು ಇಲ್ಲಿಯೇ: ಸಾದಾ ಎಣ್ಣೆ ಹೆಪ್ಪುಗಟ್ಟಿ ಕ್ರಾಂಕು ತಿರುಗದಂತಾಗುವ ಚಳಿಯಲ್ಲಿಯೂ ಅದು ನಿರಾಯಾಸವಾಗಿ ಹರಿಯುತ್ತದೆ. ಕೆನಡದ ರೈತನಿಗೆ ಇದು ಸಾಮಾನ್ಯ ಲಾಭವಲ್ಲ. ಮಾಗಿಯ ಬೆಳಗಿನಲ್ಲಿಯೂ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ ಹಾವೇರಿಯಲ್ಲಿ ಆ ಗುಣಕ್ಕೆ ಹಣ ತೆರುವುದು ಬಾರದ ಹಿಮಕ್ಕೆ ಕಂಬಳಿ ಕೊಂಡಂತೆ.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯುಂಟು. ಸಾದಾ ಎಣ್ಣೆಯಿಂದ 10ಡಬ್ಲ್ಯು-30ರಂಥ ಎರಡು ಸಂಖ್ಯೆಯ ಎಣ್ಣೆಯನ್ನು ಮಾಡಬೇಕಾದರೆ, ತೆಳುವಾದ ಮೂಲತೈಲಕ್ಕೆ ಕಾವೇರಿದಾಗ ಹಿಗ್ಗಿ ಸ್ನಿಗ್ಧತೆಯನ್ನು ಕಾಪಾಡುವ ದೀರ್ಘಸರಪಳಿಯ ಪಾಲಿಮರುಗಳನ್ನು ಬೆರೆಸುತ್ತಾರೆ. ಎಂಜಿನ್ನಿನ ಬಿಗಿಯಾದ ಸಂದಿಗಳಲ್ಲಿ ಸಿಲುಕಿ ಆ ಸರಪಳಿಗಳು ತುಂಡಾಗುತ್ತ ಹೋದಂತೆ ಎಣ್ಣೆ ತೆಳುವಾಗುತ್ತದೆ, ತೆಳುವಾದ ಮೂಲತೈಲದಲ್ಲಿನ ಹಗುರ ಅಂಶ ಕಾವಿಗೆ ಆವಿಯಾಗುತ್ತದೆ. ಸಣ್ಣ ಎಂಜಿನ್ನುಗಳ ತಯಾರಿಕೆಯಲ್ಲಿ ಹಳಬರಾದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯವರು ತಮ್ಮ ಕೈಪಿಡಿಯಲ್ಲಿ, ಹವೆ 27 ಡಿಗ್ರಿಯನ್ನು ಮೀರಿದಾಗ 10ಡಬ್ಲ್ಯು-30 ಎಣ್ಣೆ ಹೆಚ್ಚು ಖರ್ಚಾಗಬಹುದೆಂದೂ, ಮಟ್ಟವನ್ನು ಪದೇ ಪದೇ ನೋಡುತ್ತಿರಬೇಕೆಂದೂ ಎಚ್ಚರಿಸಿರುವುದು ಈ ಕಾರಣದಿಂದ. ನಮ್ಮಲ್ಲಿ ವರುಷದ ಬಹುಪಾಲು ಹಗಲುಗಳು ಆ ಮಿತಿಯನ್ನು ದಾಟಿಯೇ ಇರುತ್ತವೆ. ಚೈತ್ರ ವೈಶಾಖಗಳಲ್ಲಿ 40ರ ಸಮೀಪಕ್ಕೆ ಹೋಗುವುದೂ ಉಂಟು. ಅಂಥಲ್ಲಿ ಒಂದೇ ಸಂಖ್ಯೆಯ, ಪಾಲಿಮರಿನ ಹಂಗಿಲ್ಲದ 30ರ ದರ್ಜೆಯ ಹಳೆಯ ಎಣ್ಣೆ, ಕೈಪಿಡಿ ಅದಕ್ಕೆ ಸಮ್ಮತಿಸಿದ್ದರೆ, ಇಂದಿಗೂ ನಿಸ್ಸಂಶಯವಾಗಿ ಯೋಗ್ಯವಾದದ್ದು. ಹೊಸದಾದದ್ದೆಲ್ಲ ಅದನ್ನು ಹಿಂದಿಕ್ಕಿದೆಯೆಂಬ ಭಾವನೆ ಈ ಹವೆಯ ಮಟ್ಟಿಗೆ ನಿಜವಲ್ಲ.

ಚಳಿಯ ಲಾಭ ನಮಗಿಲ್ಲ. ಕಾವಿನ ಲಾಭದ ಮಾತು ಹಾಗಲ್ಲ. ನೀರಿನಿಂದ ತಂಪಾಗುವ ಕಾರಿನ ಎಂಜಿನ್ನಿಗೆ ಉಷ್ಣತೆಯ ಒಂದು ಕಟ್ಟುಪಾಡಿರುತ್ತದೆ. ಗಾಳಿಯಿಂದ ತಂಪಾಗುವ ಸಣ್ಣ ಎಂಜಿನ್ನು ಹವೆಗೂ ಹೊರೆಗೂ ತಕ್ಕಂತೆ ಕಾಯುತ್ತದೆ, ಅದರ ಮೈಯ ರೆಕ್ಕೆಗಳಲ್ಲಿ ಹುಲ್ಲೂ ಧೂಳೂ ಕಟ್ಟಿಕೊಂಡರಂತೂ ಇನ್ನಷ್ಟು ಕಾಯುತ್ತದೆ. ಕಾದ ಎಣ್ಣೆ ಕೆಡುವ ಬಗೆಯನ್ನು ತಿಳಿಯಬೇಕಾದವರು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯನ್ನು ನೋಡಿದರೆ ಸಾಕು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಈ ಮೆಣಸಿನಕಾಯಿಗೆ, ಅದು ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಬೆಲೆ ಕಟ್ಟುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ವ್ಯಾಪಾರಿಗಳು ಚೀಲಗಳನ್ನು ಕೋಲ್ಡ್ ಸ್ಟೋರೇಜುಗಳಲ್ಲಿ ಇಡುತ್ತಾರೆ. ಹೊರಗಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಕಾಯಿ ಮಂಕಾಗುವುದೇಕೆ? ಕ್ಯಾಪ್ಸಾಂತಿನ್ ಎಂಬ ಅದರ ಕೆಂಪು ವರ್ಣದ್ರವ್ಯದ ಅಣುವನ್ನು ಗಾಳಿಯ ಆಮ್ಲಜನಕ ಆಕ್ರಮಿಸುತ್ತದೆ. ಹಾಗೆ ಮುರಿದ ಒಂದು ಅಣು ತನ್ನ ನೆರೆಯ ಅಣುವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಹಾನಿ ಸರಪಳಿಯಾಗಿ ಸಾಗುತ್ತದೆ. ಎಂಜಿನ್ ಎಣ್ಣೆ ಕೆಡುವುದೂ ಇದೇ ಸರಪಳಿಕ್ರಿಯೆಯಿಂದ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸ್ಥೂಲವಾಗಿ ಎರಡು ಪಟ್ಟಾಗುತ್ತದೆಂಬ ನಿಯಮ ಮೆಣಸಿನ ಚೀಲಕ್ಕೂ ಅನ್ವಯಿಸುತ್ತದೆ, ಎಣ್ಣೆಯ ತೊಟ್ಟಿಗೂ ಅನ್ವಯಿಸುತ್ತದೆ. ಸಂಶ್ಲೇಷಿತ ತೈಲದ ಅಣುಗಳಲ್ಲಿ ಆಮ್ಲಜನಕಕ್ಕೆ ಸುಲಭವಾಗಿ ತುತ್ತಾಗುವ ಜಾಗಗಳು ಕಡಿಮೆಯಿರುವುದರಿಂದ ಅದು ಹೆಚ್ಚು ಕಾಲ ಬಾಳುತ್ತದೆ, ಕಡಿಮೆ ಆವಿಯಾಗುತ್ತದೆ, ರಿಂಗಿನ ತೋಡುಗಳಲ್ಲಿ ಅಂಟು ಕಟ್ಟುವುದೂ ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ ಗಂಟೆಗಟ್ಟಲೆ ಪೂರ್ಣ ಹೊರೆ ಹೊತ್ತು ಓಡುವ ಪಂಪ್‌ಸೆಟ್ಟಿಗೆ ಅದು ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ನಾವು ವಿಚಾರಿಸುತ್ತಿರುವುದು ಹೊಸ ಎಂಜಿನ್ನನ್ನು. ತುಂಗಭದ್ರೆಯ ಆಚೆ ದಡದ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಬಳಸಿ ಬಲ್ಲ ಹಿರಿಯ ಮೇಸ್ತ್ರಿಗಳಿಗೆ ಗೊತ್ತಿರುವಂತೆ, ಎಂಥ ಕುಶಲಿಯ ಕೈಯಲ್ಲಿ ತಿರುವಿದ ಲೋಹವಾದರೂ ಸೂಕ್ಷ್ಮದರ್ಶಕದ ಕೆಳಗೆ ಏರುತಗ್ಗುಗಳಿಂದ ಕೂಡಿಯೇ ಇರುತ್ತದೆ. ಸಿಲಿಂಡರಿನ ಒಳಗೋಡೆಯ ಮೇಲಂತೂ ಎಣ್ಣೆ ನಿಲ್ಲಲೆಂದು ಓರೆಯಾದ ಗೀರುಗಳನ್ನು ಉದ್ದೇಶಪೂರ್ವಕವಾಗಿಯೇ ಹಾಕಿರುತ್ತಾರೆ. ಮೊದಲ ಕೆಲವು ಗಂಟೆಗಳ ಓಟದಲ್ಲಿ ರಿಂಗುಗಳು ಆ ಗೀರುಗಳ ಚೂಪಾದ ತುದಿಗಳನ್ನು ಸವೆಸಿ, ತಾವೂ ಸವೆದು, ಗೋಡೆಗೆ ಸಮನಾಗಿ ಕೂಡಿಕೊಳ್ಳಬೇಕು. “ಹೊಸಾದಕ್ಕ ಸಿಂಥೆಟಿಕ್ ಹಾಕಿದ್ರ ರಿಂಗ್ ಕೂಡೂದಿಲ್ರಿ” ಎಂಬುದು ಗ್ಯಾರೇಜುಗಳಲ್ಲಿ ರೂಢಿಯಾಗಿರುವ ಮಾತು. ಜಾರಿಕೆ ಅತಿಯಾದರೆ ಸವೆಯಬೇಕಾದದ್ದು ಸವೆಯದೆಂಬ ತರ್ಕ ಕೇಳುವುದಕ್ಕೆ ಸಮಂಜಸವಾಗಿದ್ದರೂ, 1990ರ ದಶಕದಿಂದ ಕಾರ್ವೆಟ್, ಪೋರ್ಷೆಯಂಥ ಕಾರುಗಳು ಕಾರ್ಖಾನೆಯಲ್ಲಿಯೇ ಸಂಶ್ಲೇಷಿತ ತೈಲವನ್ನು ತುಂಬಿಕೊಂಡು ಹೊರಬರುತ್ತಿರುವುದನ್ನೂ, ಅವುಗಳ ರಿಂಗುಗಳು ಯಥಾವತ್ತಾಗಿ ಕೂಡಿರುವುದನ್ನೂ ನೋಡಿದರೆ ಅದನ್ನು ಸಾರ್ವತ್ರಿಕ ನಿಯಮವೆಂದು ಅಂಗೀಕರಿಸಲಾಗದು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಬಹುಮಟ್ಟಿಗೆ ಉರಿದ ಅನಿಲದ ಒತ್ತಡ. ಆ ಒತ್ತಡ ಸಾಕಷ್ಟು ಹುಟ್ಟುವುದು ಹೊರೆ ಬಿದ್ದಾಗ ಮಾತ್ರ. ಆದುದರಿಂದ ಹೊಸ ಎಂಜಿನ್ನಿಗೆ ನಿಜವಾಗಿ ಕೆಡುಕು ಮಾಡುವುದು ಎಣ್ಣೆಯ ಜಾತಿಗಿಂತ ಹೆಚ್ಚಾಗಿ, “ಹೊಸಾದೈತಿ, ಮೆತ್ತಗ ಓಡ್ಸೂಣು” ಎಂಬ ಅತಿಯಾದ ಮುದ್ದಿನಿಂದ ಅದನ್ನು ಹೊರೆಯಿಲ್ಲದೆ ಗಂಟೆಗಟ್ಟಲೆ ತಿರುಗಲು ಬಿಡುವುದು. ಹಾಗೆ ಮಾಡಿದಲ್ಲಿ ಗೋಡೆಯ ಗೀರುಗಳ ಮೇಲೆ ಗಾಜಿನಂಥ ನುಣುಪು ಕಟ್ಟಿ, ರಿಂಗು ಕೂಡದೆ, ಎಂಜಿನ್ನು ಜನ್ಮವಿಡೀ ಎಣ್ಣೆಯನ್ನು ಕುಡಿಯುತ್ತಿರುತ್ತದೆ. ಮಿತವಾದ ಹೊರೆ, ಆಗಾಗ ಏರಿಳಿಸುವ ವೇಗ, ನಡುನಡುವೆ ತಣಿಯಲು ಅವಕಾಶ, ಇಷ್ಟೇ ಅದಕ್ಕೆ ಬೇಕಾದ ಪಾಲನೆ.

ಹೀಗಿದ್ದರೂ ಮೊದಲ ಎಣ್ಣೆ ಸಾದಾ ಎಣ್ಣೆಯೇ ಆಗಿರಲಿ ಎಂದು ನಾನು ಹೇಳುವುದಕ್ಕೆ ಕಾರಣ ಬೇರೆಯಿದೆ. ಸವೆದ ಲೋಹದ ಕಣಗಳೆಲ್ಲ ಮೊದಲ ಎಣ್ಣೆಯೊಳಕ್ಕೇ ಇಳಿಯುತ್ತವೆ. ಕಾರಿನಲ್ಲಿ ಅವನ್ನು ಸೋಸುವುದಕ್ಕೆ ಒಂದು ಫಿಲ್ಟರಿರುತ್ತದೆ. ಹೋಂಡಾದವರ ಜಿಎಕ್ಸ್ 160ರಂಥ ಸಣ್ಣ ಎಂಜಿನ್ನಿನಲ್ಲಿ ಎಣ್ಣೆಯ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ತುದಿಯಲ್ಲಿರುವ ಒಂದು ನಾಲಗೆ ತೊಟ್ಟಿಯ ಎಣ್ಣೆಯನ್ನು ಪ್ರತಿ ಸುತ್ತಿಗೂ ಬಡಿದು ಎಲ್ಲೆಡೆಗೆ ಎರಚುತ್ತದೆ. ಅಲ್ಲಿರುವ ಒಟ್ಟು ಎಣ್ಣೆ ಸುಮಾರು 600 ಮಿಲಿಲೀಟರು. ಆದ್ದರಿಂದಲೇ ಆ ಎಂಜಿನ್ನಿನ ಕೈಪಿಡಿ ಮೊದಲ ಎಣ್ಣೆಯನ್ನು ಒಂದು ತಿಂಗಳಿಗೆ ಅಥವಾ 20 ಗಂಟೆಗಳಿಗೆ, ಅನಂತರ ಆರು ತಿಂಗಳಿಗೆ ಅಥವಾ 100 ಗಂಟೆಗಳಿಗೊಮ್ಮೆ ಬದಲಿಸಬೇಕೆನ್ನುತ್ತದೆ. ಎಡೆ ಹೊಡೆಯುವ ಸುಗ್ಗಿಯಲ್ಲಿ 20 ಗಂಟೆಗಳೆಂದರೆ ನಾಲ್ಕೈದು ದಿನಗಳ ಕೆಲಸ. ಅಷ್ಟು ಬೇಗ ಬಸಿದು ಹೊರಹಾಕಲೇಬೇಕಾದ ಎಣ್ಣೆಯಲ್ಲಿ ದೀರ್ಘಬಾಳಿಕೆಯ ಗುಣವನ್ನು ಹಣ ಕೊಟ್ಟು ಹುಡುಕುವುದರಿಂದ ಪ್ರಯೋಜನವಿಲ್ಲ. ಎರಡನೆಯ ಎಣ್ಣೆಯಿಂದ ಮುಂದಕ್ಕೆ, ಕಾವಿನಲ್ಲಿ ದುಡಿಯುವ ಎಂಜಿನ್ನಿಗೆ ಸಿಂಥೆಟಿಕ್ ಹಾಕಲು ಅಡ್ಡಿಯಿಲ್ಲ. ಆದರೆ ಬೆಲೆ ಹೆಚ್ಚು ತೆತ್ತವನು ಹೆಚ್ಚು ದಿನ ಓಡಿಸಲು ಬಯಸುವುದು ಮನುಷ್ಯಸ್ವಭಾವವಾದುದರಿಂದ ಒಂದು ಎಚ್ಚರಿಕೆ ಅಗತ್ಯ. ಎಣ್ಣೆ ತಾನಾಗಿ ಕೆಡದಿದ್ದರೂ ಫಿಲ್ಟರಿಲ್ಲದ ತೊಟ್ಟಿಯಲ್ಲಿ ಧೂಳೂ ಲೋಹದ ಪುಡಿಯೂ ಕೂಡುತ್ತಲೇ ಹೋಗುತ್ತವೆ. ಸರಿಯಾದ ವೇಳೆಗೆ ಬದಲಿಸಿದ ಸಾದಾ ಎಣ್ಣೆ, ವೇಳೆ ಮೀರಿ ಉಳಿಸಿದ ಸಿಂಥೆಟಿಕ್ಕಿಗಿಂತ ನಿಶ್ಚಯವಾಗಿಯೂ ಮೇಲು.

ಇಲ್ಲಿಯೇ ಇನ್ನೊಂದು ಮಾತನ್ನು ಹೇಳಿಬಿಡುವುದು ಯುಕ್ತ. ಇಂಥ ಎಂಜಿನ್ನುಗಳನ್ನು ಬಹುತೇಕ ಎಣ್ಣೆಯಿಲ್ಲದೆಯೇ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಾರೆ. ಪೆಟ್ರೋಲು ತುಂಬಿ, ಎಣ್ಣೆಯನ್ನು ಮರೆತು, ಹಗ್ಗ ಎಳೆದವನ ಹೊಸ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡು ನಿಂತುಹೋಗುತ್ತದೆ. ಯಾವ ಎಣ್ಣೆ ಎಂಬ ಚರ್ಚೆಗೆ ಮುನ್ನ ಎಣ್ಣೆ ಇದೆಯೇ ಎಂದು ಕಡ್ಡಿ ಅದ್ದಿ ನೋಡುವುದು ಕಡ್ಡಾಯ. ಹಾಗೆಯೇ, ಗೋವಿನಜೋಳದ ರಾಶಿಯ ಕಾಲದಲ್ಲಿ ಏಳುವ ಧೂಳಿನಲ್ಲಿರುವ ಬೆಣಚಿನ ಕಣಗಳು ಎಂಜಿನ್ನಿನ ಲೋಹಕ್ಕಿಂತ ಗಡುಸು; ಗಾಳಿಯ ಫಿಲ್ಟರು ಹರಿದಿದ್ದರೆ ಜಗತ್ತಿನ ಅತಿ ದುಬಾರಿ ಎಣ್ಣೆಯೂ ಸಿಲಿಂಡರನ್ನು ಉಳಿಸಲಾರದು. ಪೆಟ್ರೋಲಿನಿಂದ ಶುರುವಾಗಿ ಸೀಮೆಎಣ್ಣೆಯಿಂದ ಓಡುವ ಪಂಪ್‌ಸೆಟ್ಟುಗಳಲ್ಲಿ, ಪೂರ್ತಿ ಆವಿಯಾಗದ ಸೀಮೆಎಣ್ಣೆ ರಿಂಗಿನ ಪಕ್ಕದಿಂದ ಕೆಳಕ್ಕೆ ಜಿನುಗಿ ಎಣ್ಣೆಯನ್ನು ತೆಳುಗೊಳಿಸುತ್ತದೆ. ಅಲ್ಲಿಯೂ ಮದ್ದು ಬೇಗ ಬದಲಿಸುವುದೇ ಹೊರತು ಸಿಂಥೆಟಿಕ್ ಅಲ್ಲ. ಎಣ್ಣೆ ಕಪ್ಪಾಯಿತೆಂದು ಗಾಬರಿಯಾಗುವವರಿಗೆ, ಮಸಿಯನ್ನು ತೊಳೆದು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೂ ಎಣ್ಣೆಯ ಕರ್ತವ್ಯಗಳಲ್ಲೊಂದೆಂದು ತಿಳಿಸಬಯಸುತ್ತೇನೆ. ಬಣ್ಣವನ್ನಲ್ಲ, ಗಂಟೆಗಳನ್ನು ಲೆಕ್ಕವಿಡಬೇಕು.

ಇಷ್ಟರವರೆಗೆ ಹೇಳಿದ್ದೆಲ್ಲ ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್ನಿನ ಮಾತು. ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿಯ ಪಂಪುಗಳಲ್ಲಿ ಬಹಳಷ್ಟು ಎರಡು ಹೊಡೆತದವು. ಅವುಗಳಲ್ಲಿ ಎಣ್ಣೆಯ ತೊಟ್ಟಿಯೇ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆ ಒಳಹೋಗಿ, ಬೇರಿಂಗನ್ನೂ ಗೋಡೆಯನ್ನೂ ಒಮ್ಮೆ ಸವರಿ, ಉರಿದು ಹೊಗೆಯಾಗಿ ಹೊರಬರುತ್ತದೆ. ಹೊಸ ಮಿಶ್ರಣ ಒಳಬರುವಾಗ ಅದರಲ್ಲಿ ಒಂದಷ್ಟು ಭಾಗ, ಕೆಲವು ಸಂದರ್ಭಗಳಲ್ಲಿ ಕಾಲು ಭಾಗದವರೆಗೆ, ಉರಿಯದೆಯೇ ಹೊಗೆಕಿಂಡಿಯಿಂದ ಪಾರಾಗಿ ಹೋಗುವುದು ಈ ಎಂಜಿನ್ನಿನ ರಚನೆಯಲ್ಲಿಯೇ ಇರುವ ದೋಷ. ಇಲ್ಲಿ ಎಣ್ಣೆಯ ಬಾಳಿಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ಅದರ ಬಾಳು ಒಂದು ಕ್ಷಣದ್ದು. ಹುಟ್ಟುವ ಪ್ರಶ್ನೆ, ಅದು ಎಷ್ಟು ಶುದ್ಧವಾಗಿ ಉರಿಯುತ್ತದೆ, ಎಷ್ಟು ಇಂಗಾಲವನ್ನು ಹೊಗೆಕಿಂಡಿಯಲ್ಲಿ ಕಟ್ಟುತ್ತದೆ, ಎಷ್ಟು ಹೊಗೆಯನ್ನು ಬಿಡುತ್ತದೆ ಎಂಬುದು. ಆ ಹೊಗೆ ಹೋಗುವುದಾದರೂ ಎಲ್ಲಿಗೆ? ಇಪ್ಪತ್ತು ಲೀಟರು ದ್ರಾವಣದ ಭಾರವನ್ನೂ ಅದರೊಡನೆ ಎಂಜಿನ್ನಿನ ಕಾವು, ಕಂಪನ, ಸದ್ದುಗಳನ್ನೂ ಬೆನ್ನಮೇಲೆ ಹೊತ್ತು, ಎದೆಮಟ್ಟದ ಬೆಳೆಯ ಸಾಲುಗಳಲ್ಲಿ ಬೆಳಗಿನಿಂದ ನಡೆಯುವ ಕೂಲಿಯ ಮೂಗಿಗೆ. ಔಷಧಿಯ ವಿಷದ ವಿಚಾರವಾಗಿ ನಾವು ಅಲ್ಪಸ್ವಲ್ಪವಾದರೂ ಮಾತನಾಡುತ್ತೇವೆ. ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿ ಸದಾ ಉಗುಳುತ್ತಿರುವ ನೀಲಿ ಹೊಗೆಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಇದು ನನ್ನನ್ನು ಬಹಳವಾಗಿ ನೋಯಿಸುವ ಸಂಗತಿ.

ಇದಕ್ಕೆ ಪರಿಹಾರ ತಕ್ಕಮಟ್ಟಿಗೆ ಎಣ್ಣೆಯ ಡಬ್ಬಿಯಲ್ಲಿಯೇ ಇದೆ. ಜಪಾನಿನ ಮೋಟಾರು ಮಾನಕ ಸಂಸ್ಥೆಯಾದ ಜಾಸೋ, ಎರಡು ಹೊಡೆತದ ಎಂಜಿನ್ನುಗಳ ಎಣ್ಣೆಯನ್ನು ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂದು ವಿಂಗಡಿಸಿದೆ. ಎಫ್‌ಬಿಗಿಂತ ಎಫ್‌ಸಿ ದರ್ಜೆಯದು ಬಹಳ ಕಡಿಮೆ ಹೊಗೆ ಬಿಡುವಂಥದು. ಎಫ್‌ಡಿ ಹೊಗೆಯಲ್ಲಿ ಎಫ್‌ಸಿಗೆ ಸಮನಾಗಿದ್ದು, ಒಳಭಾಗವನ್ನು ಚೊಕ್ಕಟವಾಗಿಡುವುದರಲ್ಲಿ ಅದಕ್ಕಿಂತ ಮೇಲು. ಪಾಲಿಐಸೋಬ್ಯೂಟೀನ್ ಎಂಬ ಸಂಶ್ಲೇಷಿತ ದ್ರವ್ಯ ಕಾವಿನಲ್ಲಿ ಬಿಡಿಬಿಡಿಯಾಗಿ ಕಳಚಿ ಶುದ್ಧವಾಗಿ ಉರಿಯುವುದರಿಂದ, ಅದನ್ನು ಬೆರೆಸಿ ಹೊಗೆಯನ್ನು ತಗ್ಗಿಸುತ್ತಾರೆ. ಆದ್ದರಿಂದ ನಾಲ್ಕು ಹೊಡೆತದ ಎಂಜಿನ್ನಿನ ಮೊದಲ ಎಣ್ಣೆಗೆ ಮಿತವ್ಯಯವನ್ನು ಬೋಧಿಸಿದ ನಾನು, ಬೆನ್ನಿನ ಪಂಪಿಗೆ ಮೊದಲ ದಿನದಿಂದಲೇ, ಖರ್ಚನ್ನು ನೋಡದೆ, ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ ಎಣ್ಣೆಯನ್ನೇ ಹಾಕಬೇಕೆನ್ನುತ್ತೇನೆ. ಖರ್ಚಾದರೂ ಎಷ್ಟು? 25ಕ್ಕೆ 1ರ ಪ್ರಮಾಣದಲ್ಲಿ ಒಂದು ಲೀಟರು ಪೆಟ್ರೋಲಿಗೆ 40 ಮಿಲಿಲೀಟರು, 50ಕ್ಕೆ 1ರ ಪ್ರಮಾಣದಲ್ಲಿ 20 ಮಿಲಿಲೀಟರು. ಈ ಎರಡರಲ್ಲಿ ಯಾವುದೆಂಬುದನ್ನು ಎಂಜಿನ್ನಿನ ಕೈಪಿಡಿಯೇ ಹೇಳತಕ್ಕದ್ದು. “ಹೊಸಾದಕ್ಕ ಒಂದೀಟು ಜಾಸ್ತಿ ಇರ್ಲಿ” ಎಂದು ಅಂದಾಜಿನಿಂದ ಸುರಿದರೆ ಹೊಗೆಯೂ ಹೆಚ್ಚುತ್ತದೆ, ಪೆಟ್ರೋಲಿನ ಪಾಲು ಅಷ್ಟರಮಟ್ಟಿಗೆ ಕುಗ್ಗಿ ಎಂಜಿನ್ನು ಇನ್ನಷ್ಟು ಕಾಯುತ್ತದೆ. ಅಳತೆಯ ಬಾಟಲಿಯನ್ನು ಯಂತ್ರದ ಸಂಗಡವೇ ಕೇಳಿ ಪಡೆಯಬೇಕು. ಮೋಟಾರ್ ಸೈಕಲ್ಲಿಗೆ ಹಾಕುವ ನಾಲ್ಕು ಹೊಡೆತದ ಎಣ್ಣೆಯನ್ನು ಪೆಟ್ರೋಲಿನಲ್ಲಿ ಬೆರೆಸುವುದಂತೂ ಎಂದಿಗೂ ಸಲ್ಲದು, ಅದು ಉರಿಯುವುದಕ್ಕಾಗಿ ಮಾಡಿದ ಎಣ್ಣೆಯಲ್ಲ. ಉರಿದರೆ ಅದರ ಲೋಹಾಂಶ ಬೂದಿಯಾಗಿ ಪಿಸ್ಟನ್ನಿನ ನೆತ್ತಿಯ ಮೇಲೆಯೂ ಪ್ಲಗ್ಗಿನ ತುದಿಯಲ್ಲಿಯೂ ಕೂಡುತ್ತದೆ.

ಕೊನೆಯದಾಗಿ, 20 ಗಂಟೆಗಳ ಓಟವಾದ ಮೇಲೆ ಬಸಿದ ಆ ಮೊದಲ ಎಣ್ಣೆಯ ಗತಿಯ ವಿಚಾರ. ಗೆದ್ದಲಿಗೆಂದು ಮರದ ಕಂಬಕ್ಕೆ ಬಳಿಯುವುದು, ಹಳ್ಳದ ದಂಡೆಯಲ್ಲಿ ಚೆಲ್ಲುವುದು, ಬಾವಿಯ ಪಕ್ಕದ ಗುಂಡಿಗೆ ಸುರಿಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಲೋಹದ ಕಣಗಳೊಡನೆ, ಅರ್ಬುದ ರೋಗಕ್ಕೆ ಕಾರಣವಾಗಬಲ್ಲ ಇಂಗಾಲದ ಸಂಯುಕ್ತಗಳೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಾವಳಿಯಲ್ಲಿ ಅದನ್ನು ಸೇರಿಸಿರುವುದು ಸಕಾರಣವಾಗಿಯೇ. ಅದನ್ನು ಪುನಃ ಶುದ್ಧೀಕರಿಸಿ ಎಣ್ಣೆಯನ್ನಾಗಿಸುವುದು ಸಾಧ್ಯ. ಮಣ್ಣಿನಲ್ಲಿ ಇಂಗಿದ್ದನ್ನು ಮರಳಿ ಪಡೆಯುವುದು ಅಸಾಧ್ಯ. ಎಂಜಿನ್ನು ಬೆಚ್ಚಗಿರುವಾಗಲೇ ಬಸಿದು, ಮುಚ್ಚಳವಿರುವ ಒಂದು ಹಳೆಯ ಕ್ಯಾನಿನಲ್ಲಿ ತುಂಬಿ, ಮುಂದಿನ ಸಲ ಪೇಟೆಗೆ ಹೋದಾಗ ಹಳೆಯ ಆಯಿಲನ್ನು ಸಂಗ್ರಹಿಸುವ ಗ್ಯಾರೇಜಿನವರಿಗೆ ಒಪ್ಪಿಸಿರಿ. ಹೊಲಕ್ಕೂ ಹಳ್ಳಕ್ಕೂ ಅದರ ಒಂದು ಹನಿಯನ್ನೂ ಬಿಡಬೇಡಿರಿ.